ಬೆಲಾರ್ಮೀನೊ ಮನೆಗೆ ಹೋಗಲಿಲ್ಲ

ಕೊವಿಲ್ಯಾ ಪಟ್ಟಣದ ಹೋಟೆಲಿನ ಹಿಂದೆ, ಸೈಕಲ್ ತೊಳೆಯುವ ಜಾಗದಲ್ಲೇ ನಿಂತು ಮ್ಯಾನೇಜರು ಸುದ್ದಿ ಹೇಳಿದ. ಹತ್ತು ದಿನ ನಮ್ಮ ದೇಶ ಸುತ್ತುವ ವೋಲ್ಟಾ ಸೈಕಲ್ ರೇಸಿನಲ್ಲಿ ನಾಳೆಯಿಂದ ತಂಡ ಇರುವುದಿಲ್ಲ. ಎಲ್ಲರೂ ಗಂಟುಮೂಟೆ ಕಟ್ಟಬೇಕು. ಮುಂದಿನ ವಾರ ಬೆಲ್ಜಿಯಮ್ಮಿನಲ್ಲಿ ದೊಡ್ಡ ರೇಸಿದೆ, ಕಾಲಿನ ಕಸುವನ್ನು ಅಲ್ಲಿಗೆ ಉಳಿಸಿಕೊಳ್ಳಬೇಕು.

ನನ್ನ ತಮ್ಮ ಬೆಲಾರ್ಮೀನೊ ಆಗ ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಳಿಬಿಟ್ಟು ಕೂತಿದ್ದ. ನಾನು ಅವನಿಗೆ ಒಗೆದ ಬಟ್ಟೆ, ಜೋಳದ ರೊಟ್ಟಿ ಕೊಡಲೆಂದು ವ್ಯಾನಿನಲ್ಲಿ ಬಂದಿದ್ದೆ. ಅವನದು ಒಂದು ಹೆಂಚಿನ ಕಾರ್ಖಾನೆಯ ತಂಡ. ಆ ವರ್ಷವೇ ಮಾಲೀಕ ಹಾಲೆಂಡಿನ ವಿಲೆಮ್‌ನನ್ನು ಮ್ಯಾನೇಜರಾಗಿ ತಂದು ಕೂರಿಸಿದ್ದ. ವಿಲೆಮ್‌ಗೆ ನಮ್ಮ ಪೋರ್ಚುಗೀಸ್ ಬರುತ್ತಿತ್ತು, ನಮ್ಮನ್ನು ಬೈಯಲು ಸಾಕಾಗುವಷ್ಟು.

"ಇನ್ನೂ ಅರ್ಧ ರೇಸಿದೆ," ಅಂದ ಬೆಲಾರ್ಮೀನೊ.

"ಅದೇ ನಾನು ಹೇಳ್ತಿರೋದು. ಇಷ್ಟು ಚಿಕ್ಕ ದೇಶಕ್ಕೆ ಇಷ್ಟು ಉದ್ದದ ರೇಸ್ ಯಾಕೆ? ಬೆಳಿಗ್ಗೆ ಕಾರು ಹತ್ತಿದ್ರೆ ಸಂಜೆಗೆ ನಿಮ್ಮ ದೇಶಾನೇ ಮುಗಿದುಹೋಗುತ್ತೆ."

"ಕಾರಲ್ಲಿ ಮುಗಿಯುತ್ತೆ ಸ್ವಾಮಿ. ಅದಕ್ಕೇ ಕಾರಲ್ಲಿ ಹೋಗೋರು ನಮ್ಮೂರಲ್ಲಿ ನಿಲ್ಲಲ್ಲ."

ಹುಡುಗರು ಕಿಸಕ್ಕೆಂದು ನಕ್ಕರು. ವಿಲೆಮ್ ನಗಲಿಲ್ಲ. "ನೀನೀಗ ಅರವತ್ತನೇ ಜಾಗದಲ್ಲಿದ್ದೀಯ. ಏನು ಕಿತ್ತು ಗುಡ್ಡೆ ಹಾಕ್ತೀಯ?"

"ಅರವತ್ತನೆಯವನಾಗಿ ಮುಗಿಸ್ತೀನಿ."

"ಸೈಕಲ್ ತಂಡದ್ದು," ಅಂದ ವಿಲೆಮ್. ಮೆಕ್ಯಾನಿಕ್ಕನಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಪಾಪ, ಆ ಮೆಕ್ಯಾನಿಕ್ ತಲೆ ತಗ್ಗಿಸಿಕೊಂಡು ಬಂದು ಸೈಕಲನ್ನು ಲಾರಿಗೆ ಏರಿಸಿದ.

ನನ್ನ ತಮ್ಮನಿಗೆ ಅದು ಕಡೆಯ ವರ್ಷ. ಮಂಡಿ ಸವೆದಿತ್ತು, ಚಳಿಗಾಲಕ್ಕೆ ಬಿಡುತ್ತೇನೆ ಎಂದು ನನ್ನ ಹತ್ತಿರ ಮಾತ್ರ ಹೇಳಿದ್ದ. ಜೀವಮಾನವಿಡೀ ಬೇರೆಯವರಿಗೆ ನೀರಿನ ಬಾಟಲಿ ಹೊತ್ತವನು. ಒಂದು ದಿನವೂ ಗೆದ್ದವನಲ್ಲ. ವ್ಯಾನಿಗೆ ಬಂದು ನನ್ನ ಪಕ್ಕ ಕೂತ. ಮನೆಗೆ ಹೋಗೋಣವೆಂದುಕೊಂಡು ನಾನು ಕೀಲಿ ತಿರುಗಿಸಿದೆ.

"ಲಿಯೊನಿಲ್ಡೆ ಅಕ್ಕಾ, ಕಸಾಯಿ ಎರ್ಮೀನಿಯೊ ಅಂಗಡಿಗೆ ಬಿಡು," ಅಂದ.

ಎರ್ಮೀನಿಯೊ ಆ ಪಟ್ಟಣದಲ್ಲೇ ಮಾಂಸ ಮಾರುವವನು. ಹರೆಯದಲ್ಲಿ ತಾನೂ ರೇಸಿಗೆ ಹೋಗುತ್ತಿದ್ದ. ಅವನ ಹಳೆಯ ಕಬ್ಬಿಣದ ಸೈಕಲ್ ಅಂಗಡಿಯೊಳಗೆ ಹಂದಿ ತೊಡೆಗಳ ಸಾಲಿನಲ್ಲೇ ನೇತಾಡುತ್ತಿತ್ತು. ಬೆಲಾರ್ಮೀನೊ ಕೇಳಿದ್ದೇ ತಡ, ಕೊಕ್ಕೆಯಿಂದ ಇಳಿಸಿ, ಏಪ್ರನ್ನಿನಿಂದ ಒರೆಸಿ, "ಬೀಳಿಸಿದ್ರೆ ನಿನ್ನನ್ನೇ ಆ ಕೊಕ್ಕೆಗೆ ಹಾಕ್ತೀನಿ, ನೆನಪಿಟ್ಕೊ" ಅಂದ.

ಮರುದಿನ ರೇಸು ಹೊರಡುವ ಮೊದಲೇ ಬೆಲಾರ್ಮೀನೊ ಅದೇ ದಾರಿಯಲ್ಲಿ ಹೊರಟ. ತಂಡದ ಅಂಗಿಯನ್ನು ಒಳಮಗ್ಗುಲು ಹೊರಗಾಗುವಂತೆ ತಿರುಗಿಸಿ ತೊಟ್ಟಿದ್ದ. ಹಿಂದೆ ವ್ಯಾನಿನಲ್ಲಿ ನಾನು.

ಆಗಸ್ಟ್ ತಿಂಗಳಾದ್ದರಿಂದ ಫ್ರಾನ್ಸಿಗೆ, ಸ್ವಿಟ್ಜರ್ಲೆಂಡಿಗೆ ದುಡಿಯಲು ಹೋದವರೆಲ್ಲ ಊರಿಗೆ ಬಂದಿದ್ದರು. ಛತ್ರಿ ನೆಟ್ಟು, ಕಲ್ಲಂಗಡಿ ಹೆಚ್ಚಿಕೊಂಡು, ಬೆಳಗಿನಿಂದಲೇ ರಸ್ತೆ ಬದಿಯಲ್ಲಿ ಜಾಗ ಹಿಡಿದು ಕೂತಿದ್ದರು. ಒಬ್ಬಂಟಿ ಸೈಕಲ್ಲಿನವನು ಕಂಡದ್ದೇ ನಗು.

"ಏನಯ್ಯಾ, ಎಲ್ಲರಿಗಿಂತ ಮುಂದಿದ್ದೀಯೋ, ನಿನ್ನೆಯ ರೇಸಲ್ಲಿ ಹಿಂದುಳಿದವನೋ?" ಎಂದು ಒಬ್ಬ ಅಜ್ಜಿ ಕೂಗಿದಳು.

"ಒಬ್ಬನೇ ಇದ್ದಾಗ ಎರಡೂ ನಾನೇ ಅಜ್ಜಿ!"

ಮಧ್ಯಾಹ್ನದ ಹೊತ್ತಿಗೆ ವಿಲೆಮ್ ಆಡಿದ ಮಾತಿನ ಸಮೇತ ರೇಡಿಯೊದವರಿಗೆ ಸುದ್ದಿ ಸಿಕ್ಕಿತ್ತು. ಅಲ್ಲಿಂದಾಚೆ ನಗು ನಿಂತಿತು. ಊರೂರಲ್ಲೂ ಹೆಂಗಸರು ಪೈಪಿನಿಂದ ನೀರು ಹಾರಿಸಿದರು, ಕಾಡ್ ಮೀನಿನ ವಡೆಗಳನ್ನು ಕೈಗೆ ತುರುಕಿದರು. ಒಬ್ಬ ಗಾರೆಯವ ಕೆಲಸ ಬಿಟ್ಟು ಬಂದು, "ಚಿಕ್ಕ ದೇಶವಂತೆ! ತುಳಿದು ನೋಡಲಿ ಆ ನನ್ಮಗ!" ಎಂದು ಬೈಯುತ್ತಲೇ ದಿಬ್ಬದ ತುದಿಯವರೆಗೆ ಇವನ ಜೊತೆ ಓಡಿದ.

ವಿಲೆಮ್ ನನ್ನ ಫೋನಿಗೆ ಕರೆ ಮಾಡಿದ. "ನಿಮ್ಮ ತಮ್ಮ ಕಂಪನಿ ಹೆಸರು ಹಾಳು ಮಾಡ್ತಿದ್ದಾನೆ."

"ಹೆಸರು ಅಂಗಿಯೊಳಗೆ ಬೆಚ್ಚಗಿದೆ, ಯಾರಿಗೂ ಕಾಣ್ತಿಲ್ಲ ಬಿಡಿ," ಎಂದು ಇಟ್ಟುಬಿಟ್ಟೆ.

ಹೀಗೆ ದಿನಗಳು ಕಳೆದವು. ದೋರು ನದಿಯ ಸೇತುವೆಯ ಬಳಿ ಒಬ್ಬ ಪೊಲೀಸ್ ಸಾರ್ಜೆಂಟ್ ಕೈ ಅಡ್ಡ ಹಿಡಿದ. ದಪ್ಪ ಮೀಸೆ, ಬೆವರಿಗೆ ಒದ್ದೆಯಾದ ಕಾಲರು.

"ರಸ್ತೆ ರೇಸಿಗೆ ಮೀಸಲು. ಇಳಿ."

"ನಾನು ರೇಸಿನವನೇ."

"ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ."

"ಹಾಗಾದ್ರೆ ಸೈಕಲ್ ಹೊಡೀತಿರೋ ಬಡಪಾಯಿ ಅಂದ್ಕೊಳ್ಳಿ."

ಸಾರ್ಜೆಂಟ್ ಅವನ ಮಂಡಿಗೆ ಸುತ್ತಿದ ಬಟ್ಟೆಯನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ವ್ಯಾನ್ ಮಾತ್ರ ಬಿಡಲ್ಲಮ್ಮ, ನೀವು ಸುತ್ತು ಹಾಕ್ಕೊಂಡು ಬನ್ನಿ," ಎಂದು ಗೊಣಗಿ, ಸೇತುವೆಗೆ ಬೆನ್ನು ಮಾಡಿ ಸಿಗರೇಟು ಹಚ್ಚಿದ.

ಕಡೆಯ ದಿನ ಸೆನ್ಯೊರಾ ದ ಗ್ರಾಸಾ ಬೆಟ್ಟ. ನೆತ್ತಿಯ ಮೇಲೆ ಮೇರಿಯಮ್ಮನ ಗುಡಿ, ಅಲ್ಲಿಯವರೆಗೂ ಬಿಡುವಿಲ್ಲದ ಏರು. ಅಂದೂ ಬೇರೆ ದಾರಿ ಸುತ್ತಿಕೊಂಡು ಬಂದ ನಾನು ಅರ್ಧ ಬೆಟ್ಟದಲ್ಲಿ ಅವನನ್ನು ಕಂಡಾಗ ಮುಖ ಸುಣ್ಣದಂತೆ ಬಿಳಿಚಿತ್ತು. ಒಂದೇ ಕಾಲಿನಲ್ಲಿ ತುಳಿಯುತ್ತಿದ್ದ. ಕೆಳಗಿನ ತಿರುವಿನಲ್ಲಿ ನಿಜವಾದ ರೇಸಿನ ಸೈರನ್ನು ಕೇಳಿಸಿತು. ಅಧಿಕಾರಿಗಳ ಕೆಂಪು ಕಾರು ಪಕ್ಕಕ್ಕೆ ಬಂತು.

"ತಕ್ಷಣ ರಸ್ತೆ ಬಿಡು! ಇಲ್ಲಾಂದ್ರೆ ಪೊಲೀಸರು ಎತ್ತಾಕ್ಕೊಂಡು ಹೋಗ್ತಾರೆ!"

ಬೆಲಾರ್ಮೀನೊ ವಾದ ಮಾಡಲಿಲ್ಲ. ಬೆವರು ಸುರಿಸಿ ಮುಂದೆ ಬರುತ್ತಿದ್ದವರ ದಾರಿಗೆ ಅಡ್ಡ ನಿಲ್ಲುವ ಜಾತಿಯವನಲ್ಲ ಅವನು. ಇಳಿದ. ಜನ ಅವನನ್ನೂ ಸೈಕಲನ್ನೂ ತಮ್ಮೊಳಕ್ಕೆ ಎಳೆದುಕೊಂಡರು. ಯಾರೋ ವೈನು ಕೊಟ್ಟರು, ಯಾರೋ ಮಂಡಿಗೆ ಮಂಜುಗಡ್ಡೆ ಒತ್ತಿದರು. ರೇಸು ಹಾದುಹೋಗುವಾಗ ಅವನೂ ಎಲ್ಲರೊಂದಿಗೆ ಗಂಟಲು ಹರಿಯುವಂತೆ ಕೂಗಿದ. ಕಟ್ಟಕಡೆಯವನ ಹಿಂದೆ ಬರುವ, ಸೋತು ಇಳಿದವರನ್ನು ಹತ್ತಿಸಿಕೊಳ್ಳುವ ಬಂಡಿಯೂ ಹೋದ ಮೇಲೆ ಮತ್ತೆ ಸೈಕಲ್ ಹತ್ತಿದ.

"ಸಾಕು ಕಣೋ, ಕಾಲು ಹೋಗುತ್ತೆ," ಅಂದೆ ನಾನು.

"ಕಾಲು ನಂದೇ ಅಲ್ವಾ? ತಂಡದ್ದಲ್ಲವಲ್ಲ."

ಅವನು ನೆತ್ತಿ ಮುಟ್ಟುವಾಗ ಬಹುಮಾನ ಹಂಚಿ ಆಗಿತ್ತು, ತಡೆಬೇಲಿ ಕಿತ್ತು ಲಾರಿಗೆ ಒಟ್ಟುತ್ತಿದ್ದರು. ಅಧಿಕಾರಿ ಬಂದು, "ಫಲಿತಾಂಶದಲ್ಲಿ ನಿಮ್ಮ ಹೆಸರು ಸೇರಿಸೋಕಾಗಲ್ಲ," ಅಂದ.

"ನಾನು ಕೇಳಿದ್ನಾ?"

ಅಧಿಕಾರಿ ತಲೆ ಕೆರೆದುಕೊಂಡು ಹೋದ. ಬೆಲಾರ್ಮೀನೊ ಗುಡಿಯ ಮೆಟ್ಟಿಲ ಮೇಲೆ ಕುಸಿದು, ನನ್ನ ಹೆಗಲಿಗೆ ಮುಖ ಒತ್ತಿ ಅತ್ತ. ಆಮೇಲೆ ಹಸಿವೆಂದ.

ಕಾರ್ಖಾನೆ ಅವನನ್ನು ಕೆಲಸದಿಂದ ತೆಗೆಯಿತು. ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ, ಈಗಲೂ ಮೆಟ್ಟಿಲಿಳಿಯುವಾಗ ಅಡ್ಡಡ್ಡ ಹೆಜ್ಜೆ ಹಾಕುತ್ತಾನೆ. ಚಳಿಗಾಲದಲ್ಲಿ ರೇಸು ನಡೆಸುವವರು ರಾಜಧಾನಿಯಲ್ಲಿ ಸಭೆ ಸೇರಿ, ವೋಲ್ಟಾವನ್ನು ಅರ್ಧಕ್ಕಿಳಿಸುವ ಮಾತೆತ್ತಿದರಂತೆ. ನಮ್ಮಂಥ ಸಣ್ಣ ಊರುಗಳ ಮೇಯರುಗಳು ಬಸ್ಸು ಮಾಡಿಕೊಂಡು ಹೋದರು. ನಮ್ಮ ಮೇಯರ್ ದೊನ ಇಡಲೀನಾ ಅಲ್ಲಿ ಎದ್ದು ನಿಂತು, "ಯಾವ ಐದು ದಿನ ತೆಗೀತೀರಿ, ಹೇಳಿ. ಯಾವ ಊರಿನವರ ಮುಂದೆ ನಿಂತು ರೇಸಿಲ್ಲ ಅಂತ ನೀವೇ ಹೇಳ್ತೀರಿ, ಅದನ್ನೂ ಹೇಳಿ," ಎಂದು ಕೇಳಿದಳಂತೆ. ಆ ಮಾತನ್ನು ಅಲ್ಲಿಗೇ ಕೈಬಿಟ್ಟರು.

ಮರುವರ್ಷ ರೇಸು ಪೂರ್ತಿ ಉದ್ದಕ್ಕೇ ನಡೆಯಿತು. ಬೆಲಾರ್ಮೀನೊ ಬೆಳಗಿನಿಂದಲೇ ಹೋಗಿ ನಮ್ಮೂರ ತಿರುವಿನಲ್ಲಿ ಒಳ್ಳೆಯ ನೆರಳಿನ ಜಾಗ ಹಿಡಿದಿದ್ದ. ಆ ಜಾಗ ತನ್ನದೆಂದು ಬಂದ ಪಕ್ಕದ ಮನೆಯವನ ಜೊತೆ ಜಗಳವಾಡುತ್ತಿದ್ದ.