ಅವಳ ನಂಬರು

ನನ್ನ ಹೆಂಡತಿ ದರ್ಜಿಯಾಗಿದ್ದಳು. ಬಟ್ಟೆ ಕತ್ತರಿಸಿ ಹೊಲಿಯುವುದನ್ನು ಕಲಿಸುವ ಇನ್ನೂರ ಹನ್ನೊಂದು ವಿಡಿಯೋಗಳನ್ನು ಅಂತರ್ಜಾಲದಲ್ಲಿ ಹಾಕಿದ್ದಳು. ಕಲಿಯುವವರು ಕೇಳಲೆಂದು ಪ್ರತಿಯೊಂದರ ಕೆಳಗೂ ತನ್ನ ಫೋನ್ ನಂಬರು ಬರೆದಿದ್ದಳು. ಅವಳು ತೀರಿಕೊಂಡ ಮೂರನೆಯ ತಿಂಗಳು ನಾನು ಆ ನಂಬರನ್ನು ಕಂಪನಿಗೆ ಒಪ್ಪಿಸಿಬಿಟ್ಟೆ. ದೇವರ ಬಳಿ ಹೋದವಳನ್ನು ಇಲ್ಲಿಂದ ಯಾರೂ ಕೂಗಬಾರದೆಂದು ನನಗೆ ಅನ್ನಿಸಿತ್ತು.

ಎರಡು ವರ್ಷದ ಮೇಲೆ ಮಗಳು ಗಾಬರಿಯಿಂದ ಬಂದಳು. ಅಮ್ಮನ ಖಾತೆಯನ್ನು ಯಾರೂ ತೆರೆಯದ ಕಾರಣ ಶುಕ್ರವಾರ ಎಲ್ಲವನ್ನೂ ಅಳಿಸುತ್ತೇವೆ ಎಂಬ ಸೂಚನೆ, ಅಮ್ಮ ಖಾತೆಗೆ ಕೊಟ್ಟಿದ್ದ ಮಗಳ ಇಮೇಲಿಗೆ ಬಂದಿತ್ತು. ಖಾತೆ ತೆರೆಯಲು ಓಟಿಪಿ ಬೇಕು. ಅದು ಹೋಗುವುದು ಹಳೆಯ ನಂಬರಿಗೇ.

"ನಂಬರು ಬಿಡೋ ಮುಂಚೆ ನನ್ನನ್ನೊಂದು ಮಾತು ಕೇಳಬಾರದಿತ್ತಾ ಅಪ್ಪ?"

ನನ್ನ ಹೆಂಡತಿಯ ಕೈ ಆಡುವುದನ್ನು ನೋಡಲು ನಮಗೆ ಉಳಿದಿದ್ದುದು ಆ ವಿಡಿಯೋಗಳು ಮಾತ್ರ. ನಾನೇ ಅವಕ್ಕೆ ಕುತ್ತು ತಂದಿದ್ದೆ.

ಮನಸ್ಸಿನಲ್ಲೇ ದೇವರನ್ನು ನೆನೆದು ಆ ನಂಬರಿಗೆ ಕರೆ ಮಾಡಿದೆ. ಹೆಂಗಸೊಬ್ಬಳು ಎತ್ತಿದಳು. ಹಿಂದೆ ಬಸ್ಸಿನ ಸದ್ದು.

"ಓಟಿಪಿನಾ? ಅಜ್ಜಾ, ನಾನು ಬಸ್ ಕಂಡಕ್ಟರು. ದಿನಾ ಎಂತೆಂಥ ಕಥೆ ಕೇಳ್ತೀನಿ. ನನ್ನ ಕಿವಿ ಮೇಲೆ ಹೂವಿಡಬೇಡಿ."

"ಕಥೆಯಲ್ಲ ತಾಯಿ. ನನ್ನ ಹೆಂಡತಿ ಹೊಲಿಗೆ ಕಲಿಸ್ತಿದ್ದಳು..."

"ಅಯ್ಯೋ, ಅವರಾ! ತೋಳು ಎಳೆಯುತ್ತೆ, ಕಾಲರ್ ಕೂರಲ್ಲ ಅಂತ ಜನ ನನ್ನ ಪ್ರಾಣ ತಿಂತಾರೆ. ಸೂಜಿಗೆ ದಾರ ಪೋಣಿಸೋಕೆ ಬರದ ನಾನು ಅವರ ವಿಡಿಯೋ ನೋಡಿ ಇಬ್ಬರಿಗೆ ಉತ್ತರ ಹೇಳಿದ್ದೀನಿ!" ಮತ್ತೆ ಅವಳ ದನಿ ಬಿಗಿಯಾಯಿತು. "ಆದ್ರೂ ನಂಬೋದು ಹೇಗೆ? ಕಾಲರ್ ವಿಡಿಯೋದಲ್ಲಿ ಯಾರೋ ಹಿಂದಿನಿಂದ 'ಕತ್ತರಿ ಎಲ್ಲಿ' ಅಂತಾರೆ. ಅಮ್ಮ ಏನಂತ ಬೈತಾರೆ, ಹೇಳಿ."

ಮಗಳ ಎದುರು ನನಗೆ ನಾಚಿಕೆಯಾಯಿತು.

"'ರೀ, ದೇವರು ಕಣ್ಣು ಕೊಟ್ಟಿರೋದು ಬರೀ ಕನ್ನಡಕ ಹಾಕ್ಕೊಳ್ಳೋಕಾ?' ಅಂತ."

ಅವಳು ಬಿದ್ದುಬಿದ್ದು ನಕ್ಕಳು. "ಆ ಬೈಸಿಕೊಂಡ ದನಿ ನಿಮ್ಮದೇ! ಕಳಿಸಿ ಅಜ್ಜಾ, ಓದಿ ಹೇಳ್ತೀನಿ."

ಮಗಳು ಗುಂಡಿ ಒತ್ತಿದಳು. ಕಂಡಕ್ಟರು ಆರು ಅಂಕಿಗಳನ್ನು ಎರಡೆರಡು ಸಲ ಹೇಳಿದಳು. ಖಾತೆ ತೆರೆಯಿತು. ಮಗಳು ಅದಕ್ಕೆ ತನ್ನ ನಂಬರು ಸೇರಿಸಿ, ವಿಡಿಯೋಗಳ ಪ್ರತಿಯನ್ನೂ ಇಳಿಸಿಕೊಂಡಳು.

ವಿಡಿಯೋಗಳ ಕೆಳಗೆ ನಾನೂರಕ್ಕೂ ಹೆಚ್ಚು ಪ್ರಶ್ನೆಗಳು ಕಾದಿದ್ದವು. ನನ್ನ ಹೆಂಡತಿ ಈಗಿಲ್ಲವೆಂಬುದು ಪಾಪ ಕೇಳಿದವರಿಗೆ ಗೊತ್ತಿರಲಿಲ್ಲ. ಮೊದಲು ಮಗಳಿಂದ ಅದನ್ನು ಬರೆಸಿದೆ. ನಲವತ್ತು ವರ್ಷ ಅವಳ ಪಕ್ಕದಲ್ಲಿ ಕೂತು ಗುಂಡಿ ತೂರಿಸುವ ಕಾಜ ಹೊಲಿದವನು ನಾನು, ತಿಳಿದಷ್ಟು ಹೇಳುತ್ತೇನೆ ಎಂದೂ ಸೇರಿಸಿದೆ.

"ಕಾಜದ ಅಂಚು ಎಳೆ ಬಿಡುತ್ತೆ ಅಂತ ಒಬ್ಬರು ಕೇಳಿದ್ದಾರೆ, ಅಪ್ಪ."

"ಸೀಳಿ ಆಮೇಲೆ ಹೊಲೀತಾರೆ, ಅದಕ್ಕೇ. ಮೊದಲು ಸುತ್ತ ಸಣ್ಣ ಹೊಲಿಗೆ ಹಾಕಿ, ಆಮೇಲೆ ಸೀಳಬೇಕು ಅಂತ ಬರಿ."

"ನಿಧಾನ ಅಪ್ಪ, ನಂಗೆ ಎರಡೇ ಕೈ," ಎನ್ನುತ್ತ ಅವಳು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು.