ಮುಖವಿಲ್ಲದ ಮೂರನೇ ರೀಲು

ಹರಿದ ಫಿಲ್ಮನ್ನು ಜೋಡಿಸಿದ ಹನ್ನೊಂದನೆಯ ಅಂಟು ಬೆರಳಿಗೆ ತಾಗಿದಾಗ ಅವಳು ರೀಲು ಸುತ್ತುವುದನ್ನು ನಿಲ್ಲಿಸಿದಳು. ಫಿಲ್ಮ್ ಉಗ್ರಾಣದ ನೆಲಮಾಳಿಗೆಯಲ್ಲಿ, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮುಂದೆ ಕೂತು ಹಳೆಯ ಚಿತ್ರಗಳ ಹರಕು ಮುರುಕು ಸರಿಮಾಡುವುದು ಅವಳ ಕೆಲಸ. ಹದಿನಾರು ವರ್ಷದಿಂದ ಅದೇ ಮೇಜು, ಮೂಗಿಗೆ ಅಂಟಿಕೊಂಡ ಅದೇ ಹುಳಿ ವಾಸನೆ. ಅಂಟು ಅವಳಿಗೇನು ಹೊಸದಲ್ಲ. ಥಿಯೇಟರಿನಿಂದ ಥಿಯೇಟರಿಗೆ ಅಲೆದ ರೀಲು ಹರಿಯದೆ ಇರುತ್ತದೆಯೇ? ಆದರೆ ತಾನಾಗಿ ಹರಿದದ್ದು ಎಲ್ಲೆಂದರಲ್ಲಿ ಹರಿದಿರುತ್ತದೆ. ಈ ಹನ್ನೊಂದೂ ಒಬ್ಬಳೇ ಹೆಂಗಸು ನಮ್ಮ ಕಡೆ ತಿರುಗಬೇಕಾದ ಜಾಗದಲ್ಲಿದ್ದವು. ತಿರುಗಲು ಶುರುಮಾಡುತ್ತಾಳೆ, ಅಂಟು ಬರುತ್ತದೆ, ಆಮೇಲೆ ನೋಡಿದರೆ ಬೆನ್ನು ಹಾಕಿ ಹೊರಟುಹೋಗಿರುತ್ತಾಳೆ.

ಕೈಗವಸು ಕಳಚಿ ಬರಿ ಬೆರಳಿನಿಂದ ಇನ್ನೊಮ್ಮೆ ಸವರಿದಳು. ಅಂಟಿನ ನಾಲ್ಕೂ ಮೂಲೆಗಳನ್ನು ಯಾರೋ ಬ್ಲೇಡಿನಿಂದ ಕೂದಲೆಳೆಯಷ್ಟು ಗುಂಡಗೆ ಮಾಡಿದ್ದರು. ಯಂತ್ರದ ಬಾಯಿಗೆ ಸಿಕ್ಕಿ ಹರಿಯಬಾರದೆಂದು ಮಾಡುವ ನಾಜೂಕು ಕೆಲಸ ಅದು, ಥಿಯೇಟರಿನಲ್ಲಿ ಚಿತ್ರ ಓಡಿಸುವ ಯಾವ ಆಪರೇಟರಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಇಡೀ ಉಗ್ರಾಣದಲ್ಲಿ ಹಾಗೆ ಮೂಲೆ ಸವರುವವಳು ಅವಳೊಬ್ಬಳೇ. ಅವಳಿಗೆ ಅದನ್ನು ಕಲಿಸಿದ್ದು ಅವಳ ಅಪ್ಪ.

ಅಪ್ಪ ಮೂಕಿ ಚಿತ್ರಗಳ ಕಾಲದಲ್ಲಿ ಆಪರೇಟರ್ ಆಗಿದ್ದವನು. ಈಗ ಎಪ್ಪತ್ತೆರಡು. ಊರವರಿಗೆ ಇವತ್ತಿಗೂ ಅವನು 'ಆಪರೇಟರ್ರೇ'. ಭಾನುವಾರ ಮಧ್ಯಾಹ್ನ ಮಗಳ ಜೊತೆ ಉಗ್ರಾಣದ ಪುಟ್ಟ ಕೋಣೆಯಲ್ಲಿ ಕೂತು ಮೂಕಿ ನೋಡುವುದೆಂದರೆ ಅವನಿಗೆ ಊಟ ನಿದ್ದೆ ಬೇಡ. ಯಾರ ನೆನಪಲ್ಲೂ ಇಲ್ಲದ ನಟನಟಿಯರನ್ನು ಮನೆಯವರನ್ನು ತೋರಿಸಿದ ಹಾಗೆ ತೋರಿಸುತ್ತಿದ್ದ. ಇವನು ನೋಡು, ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಇವಳು ಕಣ್ಣಲ್ಲೇ ಮಾತಾಡುವವಳು, ಮಾತಿನ ಚಿತ್ರ ಬಂದಮೇಲೆ ಧ್ವನಿ ಕೀರಲು ಅಂತ ಮನೆಗೆ ಕಳಿಸಿದರು. ಮಗಳು ಮದುವೆ ಬೇಡವೆಂದು ಈ ಕೆಲಸಕ್ಕೆ ಸೇರಿದ್ದಕ್ಕೆ ಅರ್ಧ ಕಾರಣ ಆ ಭಾನುವಾರಗಳೇ. ಹೀಗಿರುವಾಗ, ಆ ಬ್ಲೇಡು ಅಪ್ಪನದೇ ಎಂದು ಅವಳ ಬೆರಳು ಹೇಳುತ್ತಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ.

ಬೇರೆ ಯಾವ ಚಿತ್ರವಾಗಿದ್ದರೂ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಇದರ ನಾಯಕಿ ಇನ್ನೂ ಬದುಕಿದ್ದರು.

ಕೆಡವುತ್ತಿದ್ದ ಒಂದು ಥಿಯೇಟರಿನ ಅಟ್ಟದಲ್ಲಿ ಈ ಡಬ್ಬಿಗಳು ಸಿಕ್ಕಾಗ ಮಗಳೇ ಅವರನ್ನು ಹುಡುಕಿಕೊಂಡು ಹೋಗಿದ್ದಳು. ಊರಾಚೆಯ ವೃದ್ಧಾಶ್ರಮದ ಮೂಲೆಯ ಮಂಚ, ಮಂಚದ ಕೆಳಗೆ ಒಂದು ಟ್ರಂಕು. ಅಲ್ಲಿಯವರು ಅವರನ್ನು ಕರೆಯುವುದು 'ಹೀರೋಯಿನ್ನಮ್ಮ' ಎಂದು, ಅದೂ ಗೇಲಿಗೆ. ತಾನು ಒಂಬತ್ತು ಚಿತ್ರಗಳಲ್ಲಿ ನಟಿಸಿದ್ದೆ ಎಂದು ಅವರು ಹೇಳಿದ್ದನ್ನು ಯಾರೂ ನಂಬಿರಲಿಲ್ಲ. ಪಕ್ಕದ ಮಂಚದಲ್ಲಿದ್ದ, ಶಾಲೆಯಿಂದ ನಿವೃತ್ತರಾದ ಹೆಡ್‌ಮೇಡಂ ಅಂತೂ, ನಾನು ಈ ದೇಶದ ರಾಣಿಯಾಗಿದ್ದೆ, ಯಾರಿಗೂ ಹೇಳಬೇಡಿ ಎಂದು ದಿನಾ ಕಿಚಾಯಿಸುತ್ತಿದ್ದರಂತೆ. ಆ ಒಂಬತ್ತರಲ್ಲಿ ಎಂಟು ಸುಟ್ಟೋ ಕೊಳೆತೋ ಹೋಗಿದ್ದವು. ಉಳಿದದ್ದು ಇದೊಂದೇ ಎಂದು ಹೇಳಿದಾಗ ಮುದುಕಿ ಮಗಳ ಮಣಿಕಟ್ಟು ಹಿಡಿದುಕೊಂಡರು.

"ಮೂರನೇ ರೀಲು ಇದೆಯಾ?" ಎಂದು ಕೇಳಿದರು. "ಕಾಗದ ಬರೋ ಸೀನು?"

ಇದೆ ಎಂದಳು. ಆಗಿನ್ನೂ ಡಬ್ಬಿ ಬಿಚ್ಚಿರಲಿಲ್ಲ.

ಆಗ ಅವರು ಹೇಳಿದರು. ಆ ಚಿತ್ರದಲ್ಲಿ ಅವರು ಒಬ್ಬ ತಾಯಿ. ಮಗ ಸತ್ತ ಸುದ್ದಿಯ ಕಾಗದ ಓದಿ ಕ್ಯಾಮೆರಾ ಕಡೆ ತಿರುಗಬೇಕು, ಅಷ್ಟೇ. ಅದನ್ನು ತೆಗೆದದ್ದು ಗುರುವಾರ. ಅವರ ಎಂಟು ತಿಂಗಳ ಕೂಸು ತೀರಿಕೊಂಡದ್ದು ಅದೇ ವಾರದ ಮಂಗಳವಾರ. ಕಂಪನಿಯವರು ಎರಡು ದಿನ ಕಾದದ್ದೇ ದೊಡ್ಡದು. ಮನೆಯಲ್ಲಿ ಅಳಲು ಬಿಡಲಿಲ್ಲ, ಕಣ್ಣು ಊದಿದರೆ ಚಿತ್ರ ಕೆಡುತ್ತದೆ ಎಂದು ಗಂಡನೇ ತಣ್ಣೀರು ಬಟ್ಟೆ ಹಿಡಿದು ಕೂತಿದ್ದ. ಕ್ಯಾಮೆರಾ ಮುಂದೆ ತಿರುಗಿದ್ದು ನೆನಪಿದೆ, ಆಮೇಲೆ ಏನೂ ನೆನಪಿಲ್ಲ. ಆಮೇಲೆ ಎಲ್ಲರೂ ಶಹಭಾಸ್ ಅಂದರು. ಆ ಚಿತ್ರ ಓಡುವಾಗ ಥಿಯೇಟರಿನ ಕಡೆ ತಲೆ ಹಾಕಲು ಧೈರ್ಯವಾಗಲಿಲ್ಲ. ಧೈರ್ಯ ಬರುವಷ್ಟರಲ್ಲಿ ಚಿತ್ರವೇ ಇರಲಿಲ್ಲ. "ನನ್ನ ಮಗೂಗೋಸ್ಕರ ನಾನು ಅತ್ತಿದ್ರೆ ಅದೊಂದೇ ಸಲ ಕಣೇ," ಎಂದರು. "ಅತ್ತಿದ್ನೋ ಇಲ್ವೋ, ನೋಡ್ಬೇಕು. ಸಾಯೋಕೆ ಮುಂಚೆ ನೋಡ್ಬೇಕು." ಭಾನುವಾರ ತಂದು ತೋರಿಸುತ್ತೇನೆಂದು ಅವಳು ಮಾತು ಕೊಟ್ಟು ಬಂದಿದ್ದಳು.

ಹನ್ನೊಂದು ಅಂಟು ಎಣಿಸಿದ ಆ ಸಂಜೆ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅಪ್ಪನ ಮುಂದೆ ನಿಂತಳು. ಅವನು ಕಿಟಕಿಯ ಹತ್ತಿರ ರೇಡಿಯೋ ಬಿಚ್ಚಿಕೊಂಡು ಕೂತಿದ್ದ. ಚಿತ್ರದ ಹೆಸರು ಹೇಳಿದ ಕೂಡಲೇ ಅವನ ಮುಖ ಅರಳಿತು. ಆಹಾ, ಹದಿನಾಲ್ಕು ವಾರ ಓಡಿತ್ತು, ಮತ್ತೆ ಮತ್ತೆ ತರಿಸುತ್ತಿದ್ದರು, ದಿನಕ್ಕೆ ಮೂರು ಆಟ ನಾನೇ ಕೈಯಾರೆ ತಿರುಗಿಸಿದ್ದೇನೆ ಎಂದು ಶುರುಮಾಡಿದ. ಅವಳು ಅಂಟುಗಳ ಮೂಲೆಯ ವಿಷಯ ಎತ್ತಿದಳು. ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು.

ಅವನು ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ. ಆಗ ಎಲ್ಲ ಆಪರೇಟರುಗಳೂ ಕತ್ತರಿಸುತ್ತಿದ್ದರು. ರೀಲು ಮುಂದಿನ ಊರಿಗೆ ಹೋಗುವ ಮುನ್ನ ಇಷ್ಟವಾದ ಮುಖದ ಒಂದೆರಡು ಫ್ರೇಮು ಬ್ಲೇಡಿನಲ್ಲಿ ತೆಗೆದಿಟ್ಟುಕೊಳ್ಳುವುದು, ಬೆಂಕಿಪೊಟ್ಟಣಕ್ಕೆ ತೂತು ಕೊರೆದು ಅದರಲ್ಲಿಟ್ಟು ಬಿಸಿಲಿಗೆ ಹಿಡಿದು ನೋಡುವುದು. ಒಂದೆರಡು ಫ್ರೇಮು ಹೋದರೆ ಪರದೆಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಅವನು ಮೊದಲು ತನಗೆಂದು ತೆಗೆದ. ಆಮೇಲೆ ಗೇಟಿನವನು ಕೇಳಿದ, ಟಾರ್ಚಿನವನು ಕೇಳಿದ, ಸೋಡಾ ಮಾರುವವನು ಕೇಳಿದ. ಹತ್ತೊಂಬತ್ತು ವರ್ಷದ ಹುಡುಗನಿಗೆ, ಅಣ್ಣಾ ಒಂದು ಕೊಡಣ್ಣ ಎಂದು ಊರೇ ಹಿಂದೆ ಬಿದ್ದರೆ ತಲೆ ನಿಲ್ಲುತ್ತದೆಯೇ? ಕೈ ಬಿಚ್ಚಿ ಹಂಚಿದ. ಕೊನೆಗೆ ಹಂಚುವುದಕ್ಕೆ ಮುಖವೇ ಉಳಿದಿರಲಿಲ್ಲ.

"ಬೇರೆ ಊರಿಗೆ ಬೇರೆ ಪ್ರತಿಗಳು ಇದ್ವು ಕಣಮ್ಮ," ಎಂದ. "ಇದೊಂದೇ ಉಳಿಯುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಅವನು ಇಟ್ಟುಕೊಂಡದ್ದು ಎಲ್ಲಿ ಎಂದು ಕೇಳಿದಳು. ಅವಳಿಗೆ ಗೊತ್ತಿರದ ಉತ್ತರವೇನಲ್ಲ. ಆ ಕಾಲದ ಫಿಲ್ಮು ಡಬ್ಬಿಯೊಳಗೆ ತಾನೇ ಕೊಳೆಯುತ್ತದೆ. ನಿನ್ನಮ್ಮ ಇದ್ದಾಗಲೇ ತೆಗೆದು ನೋಡಿದರೆ ಕಂದು ಪುಡಿಯಾಗಿತ್ತು, ಹಿತ್ತಲಿಗೆ ಚೆಲ್ಲಿದೆ ಎಂದ. ಆಗ ಅವಳು ಕೂಸಿನ ವಿಷಯ ಹೇಳಿದಳು. ಮಂಗಳವಾರ, ಗುರುವಾರ, ತಣ್ಣೀರು ಬಟ್ಟೆ, ಒಂದನ್ನೂ ಬಿಡದೆ ಹೇಳಿದಳು. ನೋಯಿಸಬೇಕೆಂದೇ ಹೇಳಿದಳು. ಮುದುಕ ಸ್ಕ್ರೂಡ್ರೈವರ್ ಕೆಳಗಿಟ್ಟ. ಭಾನುವಾರ ನಾನೂ ಬರುತ್ತೇನೆ, ಆಟಕ್ಕೆ ಮುಂಚೆ ನಾನೇ ಅವರಿಗೆ ಹೇಳುತ್ತೇನೆ ಎಂದ. ಅಷ್ಟಾದರೂ ಮಾಡು ಎಂದು ಅವಳು ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಆಶ್ರಮದ ಹಜಾರದಲ್ಲಿ ಗೋಡೆಗೆ ಬಿಳಿ ಬೆಡ್‌ಶೀಟು ಬಿಗಿದು, ಕಿಟಕಿಗಳ ಪರದೆ ಎಳೆದು, ಮೂವತ್ತು ಕುರ್ಚಿ ಹಾಕಿದ್ದರು. ಉಗ್ರಾಣದವರು ಹೊಸ ಫಿಲ್ಮಿನ ಮೇಲೆ ಇಳಿಸಿಕೊಟ್ಟ ಪ್ರತಿಯನ್ನು ಮಗಳು ಪುಟ್ಟ ಪ್ರೊಜೆಕ್ಟರಿಗೆ ಏರಿಸುತ್ತಿದ್ದಳು. ಹೀರೋಯಿನ್ನಮ್ಮ ಮುಖಕ್ಕೆ ಪೌಡರು ಬಳಿದು, ತಲೆ ಬಾಚಿ, ಮೊದಲ ಸಾಲಿನ ನಡುವೆ ಕೂತಿದ್ದರು. ಆಪರೇಟರ್ ಕೈಮುಗಿದು ಮುಂದೆ ನಿಂತ. ಹೇಳಬೇಕಾದ್ದನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆದರೆ ಈತನೇ ಆಗ ಈ ಚಿತ್ರ ಓಡಿಸಿದ್ದು ಎಂದು ವಾರ್ಡನ್ ಹೇಳಿದ್ದೇ ತಡ, ಮುದುಕಿ ಅವನ ಎರಡೂ ಕೈ ಹಿಡಿದು, ನನ್ನನ್ನು ನೋಡಿದವರೊಬ್ಬರು ಸಿಕ್ಕಿದರಲ್ಲ ಎಂದು ಕಣ್ಣು ತುಂಬಿಕೊಂಡರು. ಮಗಳು ಯಂತ್ರದ ಹಿಂದಿನಿಂದ ನೋಡುತ್ತಲೇ ಇದ್ದಳು. ಅವನು ಬಾಯಿಪಾಠ ಮಾಡಿದ್ದನ್ನು ಹೇಳದೆಯೇ ಹೋಗಿ ಕೊನೆಯ ಸಾಲಿನಲ್ಲಿ ಕೂತ. ಇಂಥ ಹೇಡಿ ನನ್ನಪ್ಪನೇ ಎಂದು ಅವಳಿಗೆ ಸಿಟ್ಟು ಬಂತು. ತಾನಾದರೂ ಹೇಳಬಹುದಿತ್ತು, ಅವಳೂ ಹೇಳಲಿಲ್ಲ. ಸ್ವಿಚ್ ಒತ್ತಿದಳು.

ಮೊದಲೆರಡು ರೀಲು ಹೇಗೋ ಸಾಗಿದವು. ಒಬ್ಬ ಕುಡುಕ ಬಾವಿಗೆ ಬಿದ್ದಾಗ ಮುದುಕರೆಲ್ಲ ಮಕ್ಕಳ ಹಾಗೆ ನಕ್ಕರು. ನಾಯಕಿ ನೀರು ತಂದಳು, ಬಟ್ಟೆ ಒಗೆದಳು, ದೂರದಲ್ಲಿ ನಡೆದುಹೋದಳು. ಹತ್ತಿರ ಬಂದಾಗಲೆಲ್ಲ ಚಿತ್ರ ಎಗರುತ್ತಿತ್ತು. ಅಲ್ರೀ, ಮುಖ ಯಾವಾಗ ತೋರಿಸ್ತಾರೆ ಎಂದು ಹೆಡ್‌ಮೇಡಂ ಪಿಸುಗುಟ್ಟಿದರು, ಪಿಸುಮಾತು ಹಜಾರಕ್ಕೆಲ್ಲ ಕೇಳಿಸಿತು. ಮೂರನೇ ರೀಲು ಬಂತು. ಅಂಚೆಯವನು ಬಂದ. ಬಾಗಿಲಲ್ಲಿ ನಿಂತು ಅವಳು ಕಾಗದ ಬಿಚ್ಚಿದಳು, ನಮ್ಮ ಕಡೆ ಬೆನ್ನು. ಭುಜ ಒಮ್ಮೆ ಅದುರಿತು. ಕುತ್ತಿಗೆ ತಿರುಗಿತು, ಒಂದು ಕಿವಿ ಕಂಡಿತು, ಕೆನ್ನೆಯ ಅಂಚು ಕಂಡಿತು. ಮರುಕ್ಷಣ ಅವಳು ಅಂಗಳ ದಾಟಿ ಹೋಗುತ್ತಿದ್ದಳು.

ದೀಪ ಹತ್ತಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದು ಯಾರು ಬೇಕಾದರೂ ಆಗಿರಬಹುದು ಬಿಡಿ, ಪಾಪ ಎಂದು ಹೆಡ್‌ಮೇಡಂ ಎದ್ದರು. ಗೇಲಿಯೂ ಇರಲಿಲ್ಲ ಅದರಲ್ಲಿ, ಕನಿಕರವಿತ್ತು, ಅದಕ್ಕಿಂತ ಗೇಲಿಯೇ ವಾಸಿ. ಕಾಫಿ ಗಂಟೆ ಹೊಡೆದದ್ದೇ ಹಜಾರ ಖಾಲಿಯಾಯಿತು. ಹೀರೋಯಿನ್ನಮ್ಮ ಕದಲಲಿಲ್ಲ. ಯಂತ್ರ ಕೆಟ್ಟಿತ್ತಾ ಎಂದು ಕೇಳಿದರು. ಇಲ್ಲ ಎಂದಳು ಮಗಳು. ಆಗ ಆಪರೇಟರ್ ಕೊನೆಯ ಸಾಲಿನಿಂದ ಎದ್ದು ಬಂದು, ನಿಂತೇ ಎಲ್ಲವನ್ನೂ ಹೇಳಿದ. ಬ್ಲೇಡು, ಬೆಂಕಿಪೊಟ್ಟಣ, ಗೇಟಿನವನು, ಟಾರ್ಚಿನವನು, ಸೋಡಾದವನು. ಕೇಳುತ್ತ ಕೇಳುತ್ತ ಮುದುಕಿಯ ಮುಖದ ಪೌಡರು ಗೆರೆಗೆರೆಯಾಗಿ ಬಿರುಕುಬಿಟ್ಟಿತು.

"ಅಷ್ಟು ಚೆನ್ನಾಗಿತ್ತಾ?" ಎಂದರು.

"ಚೆನ್ನಾಗಿತ್ತಮ್ಮ. ಅದಕ್ಕೇ ಕತ್ತರಿಸಿದ್ದು."

"ನನ್ನ ಮಗೂನ ಕಳಕೊಂಡ ಮುಖ ಅದು."

ಅವನು ತಲೆ ತಗ್ಗಿಸಿದ. ಅವರು ಬೈಯಲಿಲ್ಲ, ಶಪಿಸಲಿಲ್ಲ. ಅತ್ತಿದ್ದೆನೋ ಇಲ್ಲವೋ ಅದನ್ನಾದರೂ ಹೇಳು ಎಂದರು. ಅವನು ಯೋಚಿಸಿದ. ಬಿಡಿ ಬಿಡಿ ಫ್ರೇಮುಗಳು ಕಣ್ಣ ಮುಂದೆ ಬಂದವು, ತುಟಿ, ಹುಬ್ಬು, ಅಗಲವಾದ ಕಣ್ಣು. ಒಂದಾದ ಮೇಲೆ ಇನ್ನೊಂದು ಏನಾಯಿತೆಂದು ಬರಲಿಲ್ಲ. ಯಾವುದು ಕತ್ತರಿಸಲಿ ಎಂದು ಹುಡುಕುತ್ತಿದ್ದವನು ಆಕೆ ಅಳುತ್ತಿದ್ದಾಳೋ ಏನೋ ನೋಡಿರಲೇ ಇಲ್ಲ.

ಹಾಗಾದರೆ ಮೂರನೇ ರೀಲು ಇನ್ನೊಮ್ಮೆ ಓಡಿಸು ಎಂದು ಹೀರೋಯಿನ್ನಮ್ಮ ಮಗಳಿಗೆ ಹೇಳಿದರು. ಆಪರೇಟರಿಗೆ ಕುರ್ಚಿ ತೋರಿಸಿ, ಅದನ್ನು ಬೆಡ್‌ಶೀಟಿಗೆ ಬೆನ್ನು ಮಾಡಿ ಹಾಕಿಸಿ, ತಮ್ಮೆದುರಿಗೆ ಕೂರಿಸಿದರು.

"ಪರದೆ ನೋಡ್ಬೇಡ. ನನ್ನನ್ನ ನೋಡು. ಆ ಜಾಗ ಬಂದಾಗ ನಾನು ತಿರುಗ್ತೀನಿ. ನೋಡಿ ಹೇಳು, ಹೀಗೇ ಇತ್ತಾ ಅಂತ."

ಮತ್ತೆ ಕತ್ತಲಾಯಿತು. ಯಂತ್ರ ಕಟಕಟನೆ ಓಡಿತು. ಬೆಳಕು ಅವರ ಮೊಣಕಾಲಿನ ಮೇಲೆ ಆಡುತ್ತಿತ್ತು. ಅಂಚೆಯವನು ಬಂದದ್ದು ಆಪರೇಟರಿಗೆ ಅವರ ಉಸಿರಿನಿಂದಲೇ ಗೊತ್ತಾಯಿತು. ಅವರು ಕುತ್ತಿಗೆಯನ್ನು ಪಕ್ಕದ ಗೋಡೆಯ ಕಡೆ ಹೊರಳಿಸಿದರು. ಇನ್ನೇನು ಇತ್ತ ತಿರುಗಬೇಕು, ಅವನ ಕಣ್ಣು ತಾನಾಗಿ ಕೆಳಗಿಳಿಯಿತು. ಬಟ್ಟೆಯ ಚಪ್ಪಲಿಯ ತುದಿಯಿಂದ ಹೊರಬಂದ ಅವರ ಕಾಲ್ಬೆರಳುಗಳು ನೆಲವನ್ನು ಒತ್ತಿ ಹಿಡಿದಿದ್ದವು. ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಅವನು ಅದನ್ನೇ ನೋಡುತ್ತಿದ್ದ. ಮೇಲಿನಿಂದ ಒಂದು ಸದ್ದು ಬಂತು, ಬಿಕ್ಕಿದ್ದೋ ಕೆಮ್ಮಿದ್ದೋ ತಿಳಿಯಲಿಲ್ಲ. ಅವನು ತಲೆ ಎತ್ತಲಿಲ್ಲ.

"ನೋಡಿದ್ಯಾ?" ಎಂದರು.

"ನೋಡಿದೆ."

"ಹೀಗೇ ಇತ್ತಾ?"

"ಹೀಗೇ ಇತ್ತಮ್ಮ," ಎಂದ.

ಅವರು ಉಸಿರುಬಿಟ್ಟರು. ಸಾಕು, ಇನ್ನು ದೀಪ ಹಾಕು ಎಂದರು. ಯಂತ್ರದ ಹಿಂದೆ ನಿಂತಿದ್ದ ಮಗಳು ಅಪ್ಪನ ಬಗ್ಗಿದ ತಲೆಯನ್ನು ಮೊದಲಿನಿಂದ ಕೊನೆಯವರೆಗೂ ಕಂಡಿದ್ದಳು. ಅವಳು ದೀಪ ಹಾಕಿದಳು, ಕಿಟಕಿಯ ಪರದೆ ಸರಿಸಿದಳು, ಕುರ್ಚಿಯ ಮೇಲೆ ಹತ್ತಿ ಬೆಡ್‌ಶೀಟಿನ ಗಂಟು ಬಿಚ್ಚಿದಳು. ಹಿಂದಿನ ಕರಿಹಲಗೆಯ ಮೇಲೆ ಯಾರಿಗೆ ಯಾವ ಮಾತ್ರೆ, ಯಾರಿಗೆ ಯಾವಾಗ ಸ್ನಾನ ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಹೀರೋಯಿನ್ನಮ್ಮ ನಿಧಾನವಾಗಿ ಎದ್ದು ಹೋಗಿ, ಕನ್ನಡಕ ಏರಿಸಿಕೊಂಡು, ನಾಳಿನ ಸಾಲಿನಲ್ಲಿ ತಮ್ಮ ಮಂಚದ ನಂಬರು ಎಲ್ಲಿದೆಯೆಂದು ಬೆರಳಿಟ್ಟು ಹುಡುಕತೊಡಗಿದರು.