ಹದಿಮೂರು ಗೋಲುಗಳ ಹನುಮೇಶ

ಯಾರು ಏನನ್ನೇ ಕೊಡಲಿ, ಹನುಮೇಶ ಅದನ್ನು ಎರಡೂ ಕೈ ಚಾಚಿಯೇ ತೆಗೆದುಕೊಳ್ಳುತ್ತಾರೆ. ಚಹದ ಕಪ್ಪಾಗಲಿ, ಕಚೇರಿಯ ಕಡತವಾಗಲಿ, ಹತ್ತೂ ಬೆರಳುಗಳನ್ನು ಅಗಲಿಸಿ ಹಿಡಿದು, ಒಮ್ಮೆ ಎದೆಯ ಸಮೀಪಕ್ಕೆ ತಂದುಕೊಂಡು, ಆಮೇಲೆಯೇ ಮೇಜಿನ ಮೇಲೆ ಇಡುತ್ತಾರೆ. ಹೊಸಬರು ಇದನ್ನು ವಿನಯವೆಂದು ತಿಳಿದು ಸಂತೋಷಪಡುತ್ತಾರೆ. ಧಾರವಾಡ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದ ಕಾಲದ ಈ ರೂಢಿಯನ್ನು ಅವರ ಕೈಗಳು ಇನ್ನೂ ಬಿಟ್ಟಿಲ್ಲ.

ಮನೆ ಧಾರವಾಡದಲ್ಲಿ, ನೌಕರಿ ಹುಬ್ಬಳ್ಳಿಯ ಒಂದು ಸರ್ಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ. ಅಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುವ ನಾನೂ ಅವರೂ ನಿತ್ಯ ಬೆಳಿಗ್ಗೆ ಎರಡೂ ಊರುಗಳ ನಡುವೆ ಓಡುವ ಒಂದೇ ಚಿಗರಿ ಬಸ್ಸು ಹತ್ತುತ್ತೇವೆ. ಬಲಭುಜ ತುಸು ಇಳಿದ ನೀಳಕಾಯ, ಬೇಸಿಗೆಯಲ್ಲೂ ಮುಂಗೈಯವರೆಗೆ ಗುಂಡಿ ಹಾಕಿದ ಅಂಗಿ, ಮೆಟ್ಟಿಲಿಳಿಯುವಾಗ ಏಡಿಯಂತೆ ಅಡ್ಡಡ್ಡ ನಡಿಗೆ. ಬಸ್ಸು ತಡವಾದರೂ, ತಮಗಿಂತ ಕಿರಿಯನೊಬ್ಬನಿಗೆ ಬಡ್ತಿ ಸಿಕ್ಕರೂ ಅವರ ಬಾಯಿಂದ ಹೊರಡುವುದು ಒಂದೇ ಮಾತು: “ಇರ್ಲಿ ಬಿಡ್ರಿ.” ಅದರಲ್ಲಿ ವೈರಾಗ್ಯವನ್ನು ಹುಡುಕಬಾರದು. ಅದು ದಣಿವು, ಅಷ್ಟೆ.

ಹುಬ್ಬಳ್ಳಿಯ ಜನಕ್ಕೆ ಅವರು ‘ಹದಿಮೂರು ಸಾಹೇಬ್ರು’. ಸುಳ್ಳ, ಶಿರಗುಪ್ಪಿಯಂಥ ಹಳ್ಳಿಗಳಿಂದ ಹಳೆಯ ಕಾಗದಕ್ಕಾಗಿ ಬಂದ ರೈತರು ಬಾಗಿಲಲ್ಲಿ ನಿಂತು, “ಹದಿಮೂರು ಸಾಹೇಬ್ರು ಎಲ್ಲದಾರ್ರೀ?” ಎಂದು ಕೇಳುವುದನ್ನು ನಾನೇ ಕೇಳಿದ್ದೇನೆ. ಅದು ಕೋಣೆಯ ನಂಬರು ಇರಬೇಕೆಂದು ಆ ಪಾಪದ ಜೀವಗಳು ಭಾವಿಸಿದ್ದವು.

ಇಪ್ಪತ್ತು ವರ್ಷಗಳ ಹಿಂದೆ, ಹುಬ್ಬಳ್ಳಿಯ ಮೈದಾನದಲ್ಲಿ, ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ನಡೆದ ಆ ಅಂತಿಮ ಪಂದ್ಯಕ್ಕೆ ನಾನೂ ಹೋಗಿದ್ದೆ. ಒಂದೇ ಪಾಲಿಕೆಯ ಎರಡು ಊರುಗಳು ಚೆಂಡೊಂದು ನಡುವೆ ಬಂದರೆ ಹೇಗೆ ಹಲ್ಲು ಕಡಿಯುತ್ತವೆ ಎಂಬುದನ್ನು ಹೊರಗಿನವರಿಗೆ ತಿಳಿಸಿ ಹೇಳುವುದು ಕಷ್ಟ. ಮೊದಲರ್ಧದಲ್ಲೇ ಕೈಕೈ ಮಿಲಾಯಿಸಿ ನಮ್ಮ ಇಬ್ಬರು ಕೆಂಪು ಚೀಟಿ ಪಡೆದು ಹೊರನಡೆದರು. ಬದಲಿ ಆಟಗಾರರೆಲ್ಲ ಇಳಿದು ಮುಗಿದ ಮೇಲೆ ಇನ್ನಿಬ್ಬರು ಕಾಲು ಉಳುಕಿ ಕೂತರು. ಉಳಿದದ್ದು ಏಳು ಜನ. ಅಷ್ಟು ಹೊತ್ತಿಗೆ ಎಂಟು ಗೋಲು ಬಿದ್ದಿದ್ದವು. ಒಂದೊಂದು ಗೋಲನ್ನೂ ಹುಬ್ಬಳ್ಳಿಯ ಜನಸಾಗರ ಒಕ್ಕೊರಲಿನಿಂದ ಎಣಿಸುತ್ತಿತ್ತು.

ಏಳಕ್ಕಿಂತ ಒಬ್ಬ ಕಡಿಮೆಯಾದರೂ ಆಟ ಅಲ್ಲಿಗೇ ನಿಲ್ಲಬೇಕೆಂಬುದು ನಿಯಮ. ಆಮೇಲೆ ಮರುಪಂದ್ಯಕ್ಕೆ ತಕರಾರು ಹೂಡಬಹುದು. ನಮ್ಮ ನಾಯಕ ಶಿವಯೋಗೀಶ, ಹತ್ತಿ ವ್ಯಾಪಾರಿಗಳ ಮನೆಯ ಹುಡುಗ, ಹನುಮೇಶರ ಜೀವದ ಗೆಳೆಯ, ಗೋಲುಕಂಬದ ಹತ್ತಿರ ಓಡಿಬಂದು ಹೇಳಿದನಂತೆ:

“ಲೇ ಹನುಮ್ಯಾ, ಕಾಲು ಹಿಡಕೊಂಡು ಬಿದ್ದಬಿಡೋ. ಆಟ ನಿಲ್ತೈತಿ. ಊರ ಮರ್ಯಾದಿ ಉಳೀತೈತಿ.”

“ನನಗೇನೂ ಆಗಿಲ್ಲಲ್ಲೋ,” ಎಂದರಂತೆ ಹನುಮೇಶ.

ಇನ್ನೂ ಐದು ಗೋಲು ಬಿದ್ದವು. ಕೊನೆಯ ಸೀಟಿ ಊದುವವರೆಗೂ ಅವರು ಹಾರಿದರು, ಉರುಳಿದರು, ಬಲೆಯಿಂದ ಚೆಂಡು ತೆಗೆದು ಮತ್ತೆ ನಿಂತರು. ಇದನ್ನೆಲ್ಲ ನಾನು ಕಂಡವನಲ್ಲ. ಒಂಬತ್ತನೆಯ ಗೋಲಿಗೇ ಎದ್ದು ಬಸ್ಸು ಹಿಡಿದಿದ್ದೆ.

ಅಂದಿನಿಂದ ಶಿವಯೋಗೀಶ ಮಾತು ಬಿಟ್ಟರು. ಹನುಮ್ಯಾ ಬಿದ್ದಿದ್ದರೆ ಊರು ಉಳಿಯುತ್ತಿತ್ತೆಂದು ಕಂಡಕಂಡವರಿಗೆ ಹೇಳಿದರು, ಊರೂ ನಂಬಿತು. ಅವರ ತಾಯಿ ಶಿವಬಸವ್ವನ ಕೈಯ ರೊಟ್ಟಿ ಉಂಡು ಬೆಳೆದಿದ್ದ ಹನುಮೇಶ ಮದುವೆಯ ಕರೆಯೋಲೆ ಹಿಡಿದು ಆ ಮನೆಗೆ ಹೋದಾಗ, ಒಳಗಿದ್ದ ಗೆಳೆಯ ಹೊರಗೆ ಬರಲಿಲ್ಲ. ಮುದುಕಿಯೊಬ್ಬಳೇ ಮದುವೆಗೆ ಬಂದು, ಉಣ್ಣದೆ, ಅಕ್ಷತೆ ಹಾಕಿ ಹೋದಳು.

ಹನುಮೇಶರ ಹೆಂಡತಿ ಭಾಗ್ಯಾ ಒಮ್ಮೆ ನನ್ನೆದುರೇ ಸಿಡಿದಿದ್ದರು: “ಬಿದ್ದ ಗೋಲ್ ಎಲ್ಲಾರೂ ಎಣಿಸ್ಯಾರ್ರಿ ಸರ್. ಇವರು ಹಿಡದದ್ದು ಎಷ್ಟಂತ ಒಬ್ಬರರೆ ಎಣಿಸ್ಯಾರೇನು?” ಹನುಮೇಶ ತಟ್ಟೆಯಿಂದ ತಲೆಯೆತ್ತದೆ, “ಇರ್ಲಿ ಬಿಡ,” ಎಂದರು.

ಹೋದ ತಿಂಗಳು ಶಿವಯೋಗೀಶರಿಗೆ ಎದೆಯ ಶಸ್ತ್ರಚಿಕಿತ್ಸೆಯಾಯಿತು. ಸುದ್ದಿ ತಿಳಿದ ದಿನ ಹನುಮೇಶ ಮಧ್ಯಾಹ್ನವೇ ಕಚೇರಿ ಬಿಟ್ಟು ನನ್ನ ಕಾಲೇಜಿಗೆ ಬಂದರು. “ಒಬ್ಬನ ಹೋಗಾಕ ಧೈರ್ಯ ಆಗವಲ್ದು. ನೀವೂ ಬರ್ರಿ ಸರ್,” ಎಂದರು. ಅವರಿಂದ ನಾನು ಕೇಳಿದ ಮೊದಲ ಬೇಡಿಕೆ ಅದು.

ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಶಿವಯೋಗೀಶ ಬಿಳಿಚಿ ಅರ್ಧವಾಗಿದ್ದರು. ಗೆಳೆಯನ ಕಡೆ ತಲೆ ಹೊರಳಿಸಿ, ಕ್ಷೀಣ ಸ್ವರದಲ್ಲಿ ಕೇಳಿದರು.

“ಅವತ್ತ ಬಿದ್ದಿದ್ರ ನಿಂದೇನ್ ಹೋಗ್ತಿತ್ತಲೇ?”

“ಏನೂ ಹೋಗ್ತಿದ್ದಿಲ್ಲೋ. ಮುಂದಿನ ವಾರ ಮತ್ತ ಬಂದು ಆಡಬೇಕಾಗ್ತಿತ್ತು. ಮತ್ತ ಸೋಲ್ತಿದ್ವಿ.”

ರೋಗಿಗೆ ನಗು ಬಂತು. ನಕ್ಕರೆ ಹೊಲಿಗೆ ನೋಯುತ್ತಿತ್ತು. ಎದೆ ಒತ್ತಿಕೊಂಡು, “ನಗಿಸಬ್ಯಾಡ ಹನುಮ್ಯಾ,” ಎಂದವರ ಕಣ್ಣಲ್ಲಿ ನೀರಿತ್ತು. ಅವರು ಕ್ಷಮೆ ಕೇಳಲಿಲ್ಲ, ಇವರು ಕೊಡಲೂ ಇಲ್ಲ. ಹನುಮೇಶ ಕಾಲ್ದೆಸೆಯ ಸ್ಟೂಲಿನಲ್ಲಿ ಕೂತು, ಬಿಸಿನೀರಿನ ಥರ್ಮಾಸು ತುಂಬಿದೆಯೇ ಎಂದು ಅಲುಗಿಸಿ ನೋಡಿದರು.

ಹೊರಗೆ ಬಂದಾಗ ನನಗೆ ಹೇಳಿದರು: “ಒಮ್ಮೊಮ್ಮೆ ಬೀಳಬೇಕಿತ್ತು ಅನಸ್ತೈತ್ರಿ. ಗೆಳ್ಯಾನರೆ ಉಳೀತಿದ್ದ. ಆದ್ರ ಇಷ್ಟು ವಿಚಾರ ಮಾಡಾಕ ಅಲ್ಲಿ ಟೈಮ್ ಎಲ್ಲಿತ್ರಿ? ಬಾಲ್ ಬರಾಕತ್ತಿತ್ತು.”

ಇಂಥವರು ಪ್ರತಿಯೊಂದು ಕಚೇರಿಯಲ್ಲಿ, ಪ್ರತಿಯೊಂದು ಮನೆತನದಲ್ಲಿ ಒಬ್ಬೊಬ್ಬರು ಇರುತ್ತಾರೆ. ಅವರನ್ನು ಧೀರರೆಂದರೆ ಅವರಿಗೇ ಮುಜುಗರ; ಮೂರ್ಖರೆಂದರೆ ನಮ್ಮ ನಾಲಿಗೆ ತಡವರಿಸುತ್ತದೆ. ಅವರ ನೇರತನದಿಂದ ಯಾರೂ ಗೆದ್ದದ್ದಿಲ್ಲ. ಪಕ್ಕದಲ್ಲಿದ್ದವರು ಸೋತದ್ದೇ ಹೆಚ್ಚು. ಅದಕ್ಕೇ ನಾವು ಅವರಿಗೊಂದು ಅಡ್ಡಹೆಸರಿಟ್ಟು, ನಕ್ಕು, ಹಗುರಾಗುತ್ತೇವೆ. ಅವರಿಗೆ ಆ ಅನುಕೂಲವೂ ಇಲ್ಲ. ಆಗದ ನೋವನ್ನು ಆಗಿದೆ ಎನ್ನಲು ಬಾರದವರು, ಆದ ನೋವನ್ನೂ ಆಗಿದೆ ಎನ್ನದೆ ಬದುಕಿ ಮುಗಿಸುತ್ತಾರೆ.